ಕರಿ ನಾಲ್ಕರ ಪಟ್ಟಿ

ತುಟಿ ಆಡುತ್ತಿವೆ, ದನಿ ಇಲ್ಲ — ಮೂರನೆಯ ಸಾಲಿನ ತುದಿಗೆ, ಕಿಟಕಿಯ ಬಿಸಿಲು ಬಿದ್ದ ಕಡೆ, ಬಿಳಿ ದುಪಟ್ಟಾದ ಆ ಹುಡುಗಿ, ರಂಗಂಪೇಟೆ ಸಾಲಿಯವಳು, ಅಂಬರೀನ, ಬಾಯಿ ಸರಿಯಾಗಿ ತೆರೆಯುತ್ತಾಳೆ, ಸರಿಯಾಗಿ ಮುಚ್ಚುತ್ತಾಳೆ, ಒಂದಕ್ಷರ ತಪ್ಪಿಲ್ಲ, ಆದರೆ ಅಲ್ಲಿಂದ ಏನೂ ಬರುತ್ತಿಲ್ಲ, ಅಮರಪ್ಪ ಮಾಸ್ತರರಿಗೆ ಇದು ಗೊತ್ತಾಗದೆ ಇರುತ್ತದೆಯೇ, ಅರವತ್ತು ಮಕ್ಕಳು ಒಟ್ಟಿಗೆ ಹಾಡಿದರೂ ಯಾರು ಹಾಡಿದರು ಯಾರು ಕಳ್ಳಾಟ ಆಡಿದರು ಅಂತ ಕಣ್ಣು ಮುಚ್ಚಿಕೊಂಡು ಹೇಳುವ ಕಿವಿ ಅದು, ಮೂವತ್ತನಾಲ್ಕು ವರ್ಷ ಶಹಾಪುರ ಸುರಪುರದ ಸಾಲಿಗಳಲ್ಲಿ ಸಮೂಹಗಾನ ಕಲಿಸಿ ಕಲಿಸಿ ಪಳಗಿದ ಕಿವಿ, ಮತ್ತು ಇವತ್ತೇ ಕೊನೆ, ನಾಡಿದ್ದು ನಿವೃತ್ತಿ, ಯಾದಗಿರಿಯ ಈ ಸಭಾಭವನದಲ್ಲಿ ಇನ್ನೊಂದು ತಾಸಿಗೆ ಪರದೆ ಸರಿಯುತ್ತದೆ, ಕೊನೆಯ ಹಾಡಿನಲ್ಲಿ ಕೂದಲೆಳೆಯಷ್ಟೂ ಕೊಂಕು ಇರಬಾರದು ಅಂತ ಆರು ತಿಂಗಳಿಂದ ಜೀವ ತೇಯ್ದಿದ್ದಾರೆ, ಇಲ್ಲಿ ನೋಡಿದರೆ ಈ ಪೋರಿ! ರಂಗಂಪೇಟೆಯ ಮಕ್ಕಳಿಗೆ ಅಲ್ಲಿಯ ಟೀಚರೇ ತಾಲೀಮು ಮಾಡಿಸಿದ್ದರು, ಮೂರು ಊರಿನ ಸಾಲಿ ಮಕ್ಕಳು ಇವರ ಮುಂದೆ ಒಟ್ಟಿಗೆ ನಿಂತದ್ದೇ ಇವತ್ತು, ಇಲ್ಲದಿದ್ದರೆ ಎಂದೋ ಹಿಡಿಯುತ್ತಿದ್ದರು. ತಾಲೀಮು ನಿಲ್ಲಿಸಿ ಹತ್ತಿರ ಹೋದರು, ಯಾಕವಾ, ದನಿ ಯಾಕ ತೆಗಿಯವಲ್ಲಿ, ಹುಡುಗಿ ನೆಲ ನೋಡಿತು, ಅಮ್ಮಿ ಹೇಳ್ಯಾಳ್ರಿ ಸರ್, ನಮ್ಮ ಮನಿ ದನಿ ಹಾಡಿಗಿ ಆಗಂಗಿಲ್ಲಂತ, ಸಾಲಿನ್ಯಾಗ ನಿಂತು ತುಟಿ ಆಡಸು ಸಾಕಂತ, ಅಕಿಗಿ ಅಕಿ ಮಾಸ್ತರು ಹಂಗ ಕಲಿಸಿದ್ರಂತ್ರಿ — ಯಾವ ಮೂಳ ಮಾಸ್ತರ ಅಂವ, ಅನ್ನುವುದು ನಾಲಿಗೆ ತುದಿಗೆ ಬಂದಿತ್ತು, ಅಷ್ಟರಲ್ಲಿ ಒಳಗೇನೋ ಚುರ್ ಅಂದು, ನಿಮ್ಮಮ್ಮಿ ಹೆಸರೇನವಾ ಅಂದರು, ಆಸ್ಮಾ ರಿ, ಸುರಪುರದಾಗ ಓದ್ಯಾಳ್ರಿ, ಇವತ್ತ ಹಾಡು ಕೇಳಾಕ ಬಂದಾಳ್ರಿ.

ಆಸ್ಮಾ, ಆಸ್ಮಾ — ಎರಡು ಜಡೆ, ಎಣ್ಣೆ ಮಿಂಚುವ ಹಣೆ, ಇಪ್ಪತ್ತಾರು ವರ್ಷದ ಹಿಂದಿನ ಏಳನೆಯ ಇಯತ್ತೆ, ಆಗ ಅಮರಪ್ಪನವರ ಮೀಸೆ ಕಪ್ಪು, ಗುಲ್ಬರ್ಗದ ಸ್ಪರ್ಧೆ ಗೆಲ್ಲುವ ಉಮೇದು ಮೈತುಂಬ, ಹಾರ್ಮೋನಿಯಂ ಪೇಟಿಯ ಮೇಲೆ ನಾಲ್ಕನೆಯ ಕರಿ ಪಟ್ಟಿ ಹಿಡಿದರೆ ಹಿಡಿದದ್ದೇ, ಕರಿ ನಾಲ್ಕರಲ್ಲಿ ಷಡ್ಜ ಇಟ್ಟರೆ ಹುಡುಗಿಯರ ದನಿ ಫಳಫಳ ಅನ್ನುತ್ತದೆ, ನಿರ್ಣಾಯಕರು ತಲೆದೂಗುತ್ತಾರೆ, ಗೆದ್ದ ಸಾಲಿಗೆ ಕೊಡುವ ಢಾಲು ಬರುತ್ತದೆ, ಬಂತು, ವರ್ಷ ವರ್ಷ ಬಂತು, ಆ ಎತ್ತರಕ್ಕೆ ಏರಲಾಗದ ಮಗು ಬೇಸುರ, ಅಲ್ಲಿಗೆ ಮುಗಿಯಿತು. ಪೇಟಿ ರಿಪೇರಿಯ ಅಬ್ದುಲ್ ಕರೀಮ ಚಾಚಾ ಶಹಾಪುರದ ತನ್ನ ಅಂಗಡಿಯಲ್ಲಿ ಮುಚ್ಚಳ ಬಿಚ್ಚಿ ನಕ್ಕಿದ್ದ, ಏನ್ರಿ ಮಾಸ್ತರ್, ಊರ ಮಕ್ಕಳಿಗೆಲ್ಲಾ ಒಂದ ಅಳತಿ ಅಂಗಿ ಹೊಲಿಯಾಕತ್ತೀರಲ್ಲ, ನೋಡ್ರಿ ಈ ಪಟ್ಟಿ ಬಣ್ಣ ಸುದ್ದಾ ಉಳದಿಲ್ಲ, ಒಮ್ಮೊಮ್ಮಿ ಕೆಳಗ ಇಳೀರಿ — ನೀ ಪೇಟಿ ನೋಡು ಚಾಚಾ, ಹಾಡು ನಾ ನೋಡ್ತೀನಿ, ಅಂದುಬಿಟ್ಟಿದ್ದರು, ಅಬ್ಬಾ, ಎಂಥ ಸೊಕ್ಕು. ಆಸ್ಮಾಳ ದನಿ ದಪ್ಪ, ಎಲ್ಲರೂ ಮೇಲೆ ಏರಿದಾಗ ಅವಳದು ಕೆಳಗೇ ಉಳಿಯುತ್ತಿತ್ತು, ಕಾಳು ತೆಗೆದ ಖಾಲಿ ಹಗೇವಿನೊಳಗೆ ಇಳಿದು ಯಾರೋ ಕೂಗಿದ ಹಾಗೆ, ಬಿಡಿಸಿ ಕಳಿಸಲು ಮನಸ್ಸಾಗಲಿಲ್ಲ, ಸ್ಪರ್ಧೆಗೆಂದೇ ರಿಬ್ಬನ್ ಕೊಂಡಿದ್ದಳು ಪಾಪ, ನೀ ಸಾಲಿನ್ಯಾಗ ನಿಂದರವಾ, ಬರೇ ತುಟಿ ಆಡಸು, ದನಿ ತೆಗಿಬ್ಯಾಡ, ತಿಳೀತಿಲ್ಲೋ, ಹೂಂ ರೀ ಸರ್ ಅಂತ ನಕ್ಕು ತಲೆಯಾಡಿಸಿದ್ದಳು, ಅಳಲೂ ಇಲ್ಲ. ಮತ್ತು ಗುಲ್ಬರ್ಗದಲ್ಲಿ ನಿರ್ಣಾಯಕರೊಬ್ಬರು, ಮಾಸ್ತರ, ಆ ತುದಿ ಹುಡುಗಿ ಎಷ್ಟು ಜೀವ ಇಟ್ಟು ಹಾಡ್ತಾಳ್ರಿ, ಅಂದಿದ್ದರು, ಅದನ್ನು ಹೇಳಿ ಹೇಳಿ ಸ್ಟಾಫ್ ರೂಮಿನಲ್ಲಿ ಎಷ್ಟು ವರ್ಷ ನಕ್ಕಿದ್ದಾರೆ, ಚಹಾ ಕುಡಿಯುತ್ತ, ತೊಡೆ ತಟ್ಟಿಕೊಳ್ಳುತ್ತ. ಅವಳೊಬ್ಬಳೇ ಏನು, ವರ್ಷಕ್ಕೆ ಮೂವರು ಅಂದರೂ ನೂರು ಮಂದಿ ಆದರು, ಎಲ್ಲೆಲ್ಲಿ ಇದ್ದಾರೋ, ಹೊಲದಲ್ಲೋ ಕಡೇಚೂರಿನ ಕಾರ್ಖಾನೆಯಲ್ಲೋ, ಕೂಸಿಗೆ ಜೋಗುಳವನ್ನಾದರೂ ಹಾಡಿದರೋ ಇಲ್ಲವೋ, ಅವರ ಕೂಸುಗಳೂ — ಥೂ, ಏನು ಮಾಡಿಬಿಟ್ಟೆ ಮಾರಾಯ ನೀನು.

ಸರ್, ಹೆಸರು ಕೂಗಾಕತ್ತಾರ, ಏಳ್ರಿ, ಢೋಲಕ್ಕಿನ ಬೀರೇಶ ಭುಜ ಅಲುಗಿಸುತ್ತಿದ್ದಾನೆ, ಆಗಲೇ ವೇದಿಕೆ, ಆಗಲೇ ದೀಪ, ಮೂರು ಸಾಲು ಮಕ್ಕಳು, ದೋರನಹಳ್ಳಿ ದಾಟುವಾಗ ಬಸ್ಸಿನಲ್ಲಿ ಕಿತ್ತಾಡುತ್ತಿದ್ದವೇ ಇವು, ಈಗ ಅರವತ್ತು ಜೊತೆ ಕಣ್ಣು ಅವರ ಕೈ ಮೇಲೆ, ಈ ಕ್ಷಣಕ್ಕೆ ಅವರಿಗೆ ಇಂದಿಗೂ ಮೈ ಜುಮ್ಮೆನ್ನುತ್ತದೆ, ಕೈ ಎತ್ತಿದರೆ ಅರವತ್ತು ಎದೆಗಳು ಒಮ್ಮೆಲೇ ಉಸಿರೆಳೆದುಕೊಳ್ಳುತ್ತವೆ, ದೇವರಿಗೂ ಇಷ್ಟು ಅಧಿಕಾರ ಇದೆಯೋ ಇಲ್ಲವೋ. ಪೇಟಿ ಶ್ರುತಿ ಕೊಡುವುದಕ್ಕಷ್ಟೇ, ಆಮೇಲೆ ಢೋಲಕ್ಕೊಂದು ಬಿಟ್ಟರೆ ಉಳಿದದ್ದು ಬರಿಗೊರಳಿನ ಹಾಡು, ಅವರೇ ಕಟ್ಟಿದ್ದು, ಬಾ ಹೊಳೆಯೇ ಬಾ ನಮ್ಮ ಹೊಲದ ದಂಡೆಗೆ — ತಿದಿ ಒತ್ತಿ ಬೆರಳು ತಾನಾಗಿ ಕರಿ ನಾಲ್ಕಕ್ಕೆ ಹೋಯಿತು, ಒತ್ತಿದರೆ ಸ್ವರವಿಲ್ಲ, ಬರೀ ಗಾಳಿ, ಸುಸ್ ಅಂತ, ಮತ್ತೆ ಒತ್ತಿದರು, ಮತ್ತೆ ಗಾಳಿ, ಸವೆದು ಸವೆದು ಇವತ್ತೇ ಕೈಕೊಡಬೇಕೇ ಇದು, ಬೀರೇಶ ಪಿಸುಗುಟ್ಟಿದ, ಬಾಜೂದು ಹಿಡೀರಿ ಸರ್, ಯಾರಿಗಿ ತಿಳಿತದ. ಹೌದು, ಪಕ್ಕದ ಪಟ್ಟಿ ಹಿಡಿದರೆ ಮುಗಿಯಿತು, ಹಾಡು ಗೆರೆ ಕೊರೆದಂತೆ ಬರುತ್ತದೆ, ಚಪ್ಪಾಳೆ, ಹಾರ, ಶಾಲು, ಬೆರಳು ಅಲ್ಲಿಗೆ ಹೋಗಿಯೂ ಬಿಟ್ಟಿತು, ಆಗ ಕಣ್ಣೆತ್ತಿದರು, ತುದಿಯ ಆ ಹುಡುಗಿ ತುಟಿ ಒದ್ದೆ ಮಾಡಿಕೊಳ್ಳುತ್ತಿದೆ, ಆಡಿಸುವುದಕ್ಕೆ ತಯಾರಾಗುತ್ತಿದೆ — ಬೆರಳು ಇಳಿಯಿತು, ಒಂದು ಪಟ್ಟಿ, ಎರಡು, ಮೂರು, ಎಂದೂ ಇಳಿಯದಷ್ಟು ಇಳಿದು ಬಿಳಿ ಎರಡರ ಮೇಲೆ ನಿಂತಿತು, ಮಕ್ಕಳು ಗಾಬರಿಯಾಗಿ ಮುಖ ಮುಖ ನೋಡಿದರು, ಇಷ್ಟು ಕೆಳಗೆ ಹಾಡಿದರೆ ಹಾಡು ಕುಸಿಯುತ್ತದೆ, ಕೊನೆಯ ದಿನ ಮಾನ ಹೋಗುತ್ತದೆ, ಹೋಗಲಿ ಬಿಡು.

ಕೈ ಎತ್ತಿದರು, ಇಳಿಸಿದರು, ದನಿಗಳು ಎದ್ದವು, ಎದ್ದವು ಅನ್ನಬೇಕೋ ತಡಕಾಡಿದವು ಅನ್ನಬೇಕೋ, ಹೊಸ ಮನೆಯಲ್ಲಿ ಸ್ವಿಚ್ಚು ಹುಡುಕಿದಂತೆ, ಬಾ ಹೊಳೆಯೇ ಬಾ ಅನ್ನುವಷ್ಟರಲ್ಲಿ ಮುಂದಿನ ಸಾಲು ಸಣ್ಣಗಾಯಿತು, ಮುಂದೆ ಕೂತವರು ಕುರ್ಚಿ ಸರಿಸಿದರು, ಆದರೂ ಮಾಸ್ತರರು ಎಡಗೈ ಅಂಗೈ ಮೇಲೆ ಮಾಡಿ ತುದಿಯ ಕಡೆ ಚಾಚಿದರು, ಕೊಡವಾ, ದನಿ ಕೊಡು, ಇವತ್ತ ಕೊಡು, ಹುಡುಗಿ ಬೆಚ್ಚಿ ನೋಡಿತು, ತುಟಿ ನಿಂತವು, ಒಂದು ಆವರ್ತನ ಹೋಯಿತು — ಆಗ ಬಂತು. ಅಬ್ಬಬ್ಬಾ. ಮೊದಲು ಅದು ದನಿ ಅಂತಲೇ ತಿಳಿಯಲಿಲ್ಲ, ಕಾಲಡಿಯ ಹಲಗೆ ಗುಂಯ್ ಅಂದಂತಾಯಿತು, ಆಮೇಲೆ ಎಲ್ಲ ದನಿಗಳ ಕೆಳಗೆ ನೆಲವೇ ಬಂದು ನಿಂತ ಹಾಗೆ, ದಪ್ಪಗೆ, ತಂಪಗೆ, ಅಲುಗದೆ, ಕೆಳಗೆ ಅದು ಇದೆ ಅಂತ ಗೊತ್ತಾದದ್ದೇ ತಡ ಉಳಿದ ಐವತ್ತೊಂಬತ್ತು ಗಂಟಲುಗಳಿಗೂ ಧೈರ್ಯ ಬಂತು, ಹಾಡು ಎದ್ದು ನಿಂತಿತು, ಕುರ್ಚಿಯ ಸದ್ದು ನಿಂತಿತು, ಬೀರೇಶ ಢೋಲಕ್ಕು ಬಾರಿಸುವುದನ್ನೇ ಮರೆತು ಬಾಯಿ ತೆರೆದ, ಮತ್ತು ಅಮರಪ್ಪ ಮಾಸ್ತರರು, ಎಷ್ಟು ಢಾಲು ತಂದ ಮನುಷ್ಯ, ಇಂಥ ಸದ್ದು ತನ್ನ ಕೈಕೆಳಗೆ ಒಮ್ಮೆಯೂ ಹುಟ್ಟಿರಲಿಲ್ಲ ಅಂತ ತಿಳಿದು ನಿಂತಲ್ಲೇ ಅತ್ತರು, ನಾಚಿಕೆ ಇಲ್ಲದೆ ಅತ್ತರು, ಇದು, ಇದನ್ನೇ ತಾನೇ ನಾನು ಮುಚ್ಚು ಅಂದದ್ದು. ಹಾಗೇ ಮಕ್ಕಳಿಗೆ ಪಲ್ಲವಿ ಬಿಟ್ಟು ಸಭೆಯ ಕಡೆ ತಿರುಗಿದರು, ಸಭೆಯೂ ಹಾಡಲಿ ಅಂತ ಕೈ ಬೀಸಿದರು, ಬಾ ಹೊಳೆಯೇ ಬಾ, ಜನ ಹಾಡತೊಡಗಿತು, ಫ್ಯಾನಿನ ಕೆಳಗಿನ ಸಾಲಿನಲ್ಲಿ ಒಬ್ಬ ಹೆಂಗಸು, ಕಪ್ಪು ಬುರ್ಖಾ, ಮುಖ ತೆರೆದಿದೆ, ಅದೇ ಹಣೆ, ಕೆನ್ನೆಯ ಮೇಲೆ ನೀರು, ಮಗಳ ಮೇಲೆ ನೆಟ್ಟ ಕಣ್ಣು, ತುಟಿ ಆಡುತ್ತಿವೆ. ಎಡಗೈ ಕೆಳಗೊತ್ತಿ ಇಡೀ ಮೇಳವನ್ನು ಸಣ್ಣಗೆ ಮಾಡಿದರು, ಇನ್ನೂ ಸಣ್ಣಗೆ, ಉಸಿರಿನಷ್ಟು, ಸಭೆಯೂ ಇಳಿಯಿತು, ಬಲಗೈ ಅಂಗೈ ಮೇಲೆ ಮಾಡಿ ಅವಳ ಕಡೆ ಚಾಚಿದರು, ಆಸ್ಮಾ, ದನಿ ತೆಗಿಯವಾ, ಈಗ ತೆಗಿ — ಅವಳು ನೋಡಿದಳು, ಗುರುತು ಹಿಡಿದಳು, ನಕ್ಕು ತಲೆಯಾಡಿಸಿದಳು, ಅದೇ ಹೂಂ ರೀ ಸರ್, ಮತ್ತು ಬಾಯಿ ಇನ್ನೂ ಅಚ್ಚುಕಟ್ಟಾಗಿ ತೆರೆದಳು, ಮುಚ್ಚಿದಳು, ಒಂದಕ್ಷರ ತಪ್ಪಿಲ್ಲ, ಕೈ ಚಾಚಿಯೇ ಇದೆ, ಆ ಕಿವಿ ಕೇಳುತ್ತಲೇ ಇದೆ, ತುಟಿ ಆಡುತ್ತಿವೆ, ಬರೇ ತುಟಿ —