ಖಾರ ಹಾಕದ ಪೊಟ್ಟಣ

ಆ ಬಸ್ಸಿನ ಹಾರನ್ನು ಕೇಳಿದರೆ ಬೆಟ್ಟದಾಚೆಯ ಎಮ್ಮೆಗಳು ಕರು ಹಾಕುವುದನ್ನು ಅರ್ಧಕ್ಕೇ ನಿಲ್ಲಿಸಿ ದಾರಿ ಬಿಡುತ್ತಿದ್ದವು. ಕಿವುಡರಿಗೆ ಕಿವಿ ಬಂದದ್ದುಂಟು, ಕಿವಿ ಇದ್ದವರಿಗೆ ಹೋದದ್ದೂ ಉಂಟು. ಡಿಪೋದಲ್ಲಿ ಅದರ ಡ್ರೈವರನನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಹಾರನ್ನಣ್ಣ ಎಂದೇ ಖ್ಯಾತಿ. ಅವನ ಮೀಸೆಯೋ, ಬಸ್ಸಿಗಿಂತ ಮೊದಲು ಅದೇ ಸ್ಟಾಪಿಗೆ ಬಂದು ನಿಲ್ಲುತ್ತಿತ್ತು.

ರೈಲ್ವೆ ಗೇಟಿಗೆ ಸ್ವಲ್ಪ ಮುಂಚೆ ಒಂದು ತಿರುವು. ಅಲ್ಲಿ ಮಾತ್ರ ಅವನ ಹಾರನ್ನು ಬೇರೆ ಥರ ಕೂಗುತ್ತಿತ್ತು: ಒಂದು ಉದ್ದ, ಎರಡು ಗಿಡ್ಡ. ಪೇಂ... ಪೇ, ಪೇ. ಗೇಟಿನ ಪಕ್ಕದಲ್ಲಿ ತಳ್ಳುಗಾಡಿ ಇಟ್ಟುಕೊಂಡು ಬ್ರೆಡ್ಡು ಆಮ್ಲೆಟ್ಟು ಮಾರುವ ಹೆಂಗಸು ಆ ಸದ್ದು ಕಿವಿಗೆ ಬಿದ್ದದ್ದೇ ತಡ, ಎದುರಿಗೆ ಮಹಾರಾಜನೇ ಹಸಿದು ನಿಂತಿದ್ದರೂ ಅವನ ಆಮ್ಲೆಟ್ಟನ್ನು ಕಾವಲಿಯ ಮೂಲೆಗೆ ತಳ್ಳಿ ಹೊಸ ಮೊಟ್ಟೆ ಒಡೆಯುತ್ತಿದ್ದಳು. ಈರುಳ್ಳಿ ಧಾರಾಳ, ಹಸಿಮೆಣಸಿನಕಾಯಿ ಒಂದು ಚೂರೂ ಇಲ್ಲ. ಬಸ್ಸು ಗೇಟಿನ ಹತ್ತಿರ ಬಂದು ಮುಗ್ಗರಿಸುವ ಹೊತ್ತಿಗೆ ಪೊಟ್ಟಣ ಡ್ರೈವರನ ಕಿಟಕಿಯಲ್ಲಿರುತ್ತಿತ್ತು.

"ತಗೋ ಬಿಕ್ಕಪ್ಪಾ. ಸುಡ್ತಾ ಇದೆ, ನಿಧಾನ."

ಅಂಥಾ ಮೀಸೆಯವನನ್ನು ಬಿಕ್ಕಪ್ಪ ಅನ್ನುವ ಧೈರ್ಯ ಭೂಮಿಯ ಮೇಲೆ ಅವಳೊಬ್ಬಳಿಗೇ ಇತ್ತು. ಅವಳು ಅವನ ಒಡಹುಟ್ಟಿದ ಅಕ್ಕ. ಚಿಕ್ಕಂದಿನಲ್ಲಿ ಖಾರ ನಾಲಿಗೆಗೆ ಸೋಕಿದರೆ ಸಾಕು, ಅವನಿಗೆ ಬಿಕ್ಕಳಿಕೆ ಹತ್ತಿ ಓಣಿಯ ತಗಡಿನ ಚಾವಣಿಗಳೆಲ್ಲ ಅದುರುತ್ತಿದ್ದವು. ಭೂಕಂಪವೆಂದು ಪಕ್ಕದ ಮನೆಯವರು ಹಾಸಿಗೆ ಸಮೇತ ಬೀದಿಗೆ ಓಡಿ ಬಂದಿದ್ದರಂತೆ. ಅಮ್ಮ ತೀರಿಕೊಂಡ ಮೇಲೆ ಅಮ್ಮನ ಗಾಡಿಗೆ ಅಕ್ಕ ಹೆಗಲು ಕೊಟ್ಟಳು. ಆ ಗಾಡಿಯ ಚಕ್ರ ಉರುಳಿದ್ದಕ್ಕೇ ಇವನ ಕೈಗೆ ಬಸ್ಸಿನ ಚಕ್ರ ಬಂತು. ಡ್ರೈವಿಂಗ್ ಕಲಿಯಲು ಹೋದ ಮೊದಲ ದಿನ ಅವನು ಕಲಿಯುವ ಬಸ್ಸನ್ನು ಚರಂಡಿಗೆ ಇಳಿಸಿದಾಗ, ಚರಂಡಿಯೇ ಅಡ್ಡ ಬಂತೆಂದು ಜಗಳ ಕಾದವಳೂ ಅವಳೇ.

ಆ ದಾರಿಯಲ್ಲಿ ಅವಳನ್ನು ಅಕ್ಕ ಅನ್ನದವರಿಲ್ಲ. ಲಾರಿಯವರು, ಪೊಲೀಸರು, ಗೇಟು ಕಾಯುವವನು, ಕಾಲೇಜಿನ ಹುಡುಗರು ಎಲ್ಲರಿಗೂ ಅಕ್ಕ. ಗಾಡಿಯ ಕೆಳಗೆ ಮಲಗುವ ನಾಯಿಗೆ ಬಾಯಿ ಬಂದಿದ್ದರೆ ಅದೂ ಹಾಗೇ ಕರೆಯುತ್ತಿತ್ತು.

ತೊಡಕಿದ್ದದ್ದು ತಮ್ಮನ ಬಾಯಿಯಲ್ಲಿ. ಅಕ್ಕ ಏನು ಮಾಡುತ್ತಾಳೆಂದು ಯಾರೋ ಒಮ್ಮೆ ಕೇಳಿದಾಗ "ಹೋಟ್ಲು ಇಟ್ಟಿದಾಳೆ" ಅಂದುಬಿಟ್ಟಿದ್ದ. ಆಮೇಲೆ ಹೇಳಿದಾಗಲೆಲ್ಲ ಹೋಟೆಲಿಗೆ ಒಂದೊಂದು ಮಹಡಿ ಏರಿತು. ಮಗಳಿಗೆ ಗಂಡು ನೋಡುವ ಹೊತ್ತಿಗೆ ಆ ಹೋಟೆಲು ಸಮುದ್ರ ದಾಟಿ ಆಚೆ ದಡದಲ್ಲಿ ನಿಂತಿತ್ತು, ಲಿಫ್ಟು ಸಮೇತ.

"ಬಸ್ಸಿಗಿರೋ ಹಾಗೆ ನಿಮ್ಮ ಬಾಯಿಗೂ ಒಂದು ಬ್ರೇಕ್ ಕೂರಿಸ್ಕೊಳ್ರೀ" ಅಂದಳು ಹೆಂಡತಿ.

"ಸುಳ್ಳೇನು ಹೇಳ್ದೆ? ತಿಂಡಿ ಮಾರೋದೆಲ್ಲಾ ಹೋಟ್ಲೇ."

"ಲಿಫ್ಟು?"

"ಅದು... ಮಾತಿನ ಭರದಲ್ಲಿ ಬಂತು. ನೋಡೇ, ಅವರು ಬಟ್ಟೆ ಅಂಗಡಿಯೋರು. ಬೀದೀಲಿ ನಿಂತು ಮೊಟ್ಟೆ ಒಡೆಯೋಳು ಹುಡುಗಿಗೆ ಸೋದರತ್ತೆ ಅಂದ್ರೆ ಮುಖ ತಿರುಗಿಸ್ಕೊಂಡು ಹೋಗ್ತಾರೆ. ಮದ್ವೆ ಒಂದು ಮುಗೀಲಿ, ಆಮೇಲೆ ನಾನೇ ಹೇಳ್ತೀನಿ."

ಮದುವೆಯ ದಿನ ಗೊತ್ತು ಮಾಡಲು ಗಂಡಿನ ಅಪ್ಪ ಅಮ್ಮ ಬಂದದ್ದು ಇವನ ಬಸ್ಸಿನಲ್ಲೇ. ತನ್ನ ಸೀಟಿನ ಹಿಂದಿನ ಸೀಟನ್ನು ಅವರಿಗಾಗಿ ಬೆಳಿಗ್ಗೆಯೇ ಒರೆಸಿ, ಕಂಡಕ್ಟರನ ಟವೆಲ್ಲು ಹಾಸಿ ಕೂರಿಸಿದ್ದ. ತಿರುವಿನಲ್ಲಿ ಇವತ್ತು ಹಾರನ್ನು ಹೊಡೆಯಬಾರದು, ಉಸಿರು ಬಿಗಿಹಿಡಿದು ಗೇಟು ದಾಟಿಬಿಡಬೇಕು ಅಂತ ಮೈಲಿಗಟ್ಟಲೆ ತನಗೆ ತಾನೇ ಹೇಳಿಕೊಂಡು ಬಂದ. ಆದರೆ ಬಾಯಿ ಬಿಡುವಿಲ್ಲದೆ ಬೀಗರಿಗೆ ತನ್ನ ಸಾಹಸಗಳನ್ನು ಬಣ್ಣಿಸುತ್ತಿತ್ತು. ಬ್ರೇಕ್ ಕಿತ್ತುಹೋದ ಬಸ್ಸನ್ನು ಬರೀ ಹಾರನ್ನಿನ ಜೋರಿನಿಂದಲೇ ಹಿಂದಕ್ಕೆ ತಳ್ಳಿ ನಿಲ್ಲಿಸಿದ ಕಥೆ ಅರ್ಧಕ್ಕೆ ಬಂದಿತ್ತು. ತಿರುವು ಬಂತು. ಬಾಯಿ ಕಥೆಯಲ್ಲಿತ್ತು, ಕೈ ರೂಢಿಯಲ್ಲಿತ್ತು.

ಪೇಂ... ಪೇ, ಪೇ.

ಎದುರಿಗೆ ಗೇಟು ಬಿದ್ದಿತ್ತು. ಬಸ್ಸು ನಿಂತಿತು. ನಿಂತದ್ದು ಗಾಡಿಯ ಪಕ್ಕದಲ್ಲೇ. ಅಕ್ಕ ಎಣ್ಣೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ, ಪೊಟ್ಟಣ ಎತ್ತಿ ಹಿಡಿದು ಬಂದಳು. ಹಣೆಯ ಮೇಲೆ ಬೆವರು, ಮೂಗಿನ ಮೇಲೆ ಮಸಿ, ಕಾಲಿಗೆ ಜೋಡಿಯಲ್ಲದ ಚಪ್ಪಲಿ.

"ತಗೋ..."

ಅವಳು ಬಿಕ್ಕಪ್ಪಾ ಅನ್ನುವ ಮೊದಲೇ ಇವನ ಬಾಯಿ ಓಡಿತು. "ಯಾರಮ್ಮ ನೀನು? ಹೋಗು, ಹೋಗು. ನಾನು ಬೀದಿ ತಿಂಡಿ ತಿನ್ನೋನಲ್ಲ."

ಹಿಂದಿನಿಂದ ಕಂಡಕ್ಟರ್ "ಅಣ್ಣಾ, ಅಕ್ಕ..." ಎಂದು ಶುರುಮಾಡಿದ.

"ನೀನು ಟಿಕೆಟ್ ನೋಡ್ಕೊಳ್ಳಯ್ಯ!"

ಅಕ್ಕನ ಕೈ ಕಿಟಕಿಯ ಹತ್ತಿರವೇ ನಿಂತಿತ್ತು. ಅವಳು ತಮ್ಮನ ಮುಖ ನೋಡಿದಳು, ಅವನ ಹೆಗಲ ಹಿಂದೆ ಇಸ್ತ್ರಿ ಬಟ್ಟೆಯಲ್ಲಿ ಕೂತಿದ್ದ ಗಂಡ ಹೆಂಡತಿಯನ್ನು ನೋಡಿದಳು. ಅರ್ಥವಾಯಿತು. ಅವಳಿಗೆ ಯಾವುದೂ ತಡವಾಗಿ ಅರ್ಥವಾಗುತ್ತಿರಲಿಲ್ಲ.

"ತಪ್ಪಾಯ್ತು ಡ್ರೈವರ್ ಸಾಹೇಬ್ರೇ. ಬೇರೆ ಬಸ್ಸು ಅಂದ್ಕೊಂಡೆ."

ಹಾಗೆಂದು ಕೈ ಹಿಂದಕ್ಕೆ ತೆಗೆಯುವಷ್ಟರಲ್ಲಿ ಬೀಗಿತ್ತಿ ಹಿಂದಿನ ಕಿಟಕಿಯಿಂದ ಕೈ ಚಾಚಿದಳು. "ಇಲ್ಲಿ ಕೊಡಮ್ಮ, ಘಮಘಮ ಅಂತಿದೆ. ಅವ್ರು ತಿನ್ನದಿದ್ರೆ ನಮ್ಮ ಪುಣ್ಯ." ಒಂದು ತುತ್ತು ಬಾಯಿಗಿಟ್ಟು ಹುಬ್ಬೇರಿಸಿದಳು. "ಆಹಾ! ಆದ್ರೆ ಖಾರಾನೇ ಇಲ್ವಲ್ಲ?"

"ನಮ್ಮನೇಲಿ ಒಬ್ಬನಿಗೆ ಖಾರ ಆಗ್ತಿರ್ಲಿಲ್ಲ. ಹಾಗೇ ಕೈ ಅಭ್ಯಾಸ."

"ಯಾರಿಗೆ, ಮಗನಿಗಾ?"

"ತಮ್ಮ ಒಬ್ಬ ಇದ್ದ."

"ಈಗೆಲ್ಲಿದಾನೆ?"

"ದೊಡ್ಡ ಕೆಲಸದಲ್ಲಿದಾನೆ ಕಣಮ್ಮ" ಎಂದು ಅಕ್ಕ ಗಾಡಿಯ ಕಡೆಗೆ ತಿರುಗಿದಳು.

ರೈಲು ಹೋಯಿತು. ಅಷ್ಟು ಉದ್ದದ ರೈಲನ್ನು ಆ ಹಳಿಗಳು ಕಂಡೇ ಇರಲಿಲ್ಲ. ಇಂಜಿನ್ನು ಹೋದ ಎಷ್ಟೋ ಯುಗಗಳ ಮೇಲೆ ಕೊನೆಯ ಡಬ್ಬಿ ಬಂತು. ಅಷ್ಟು ಹೊತ್ತೂ ಅವನು ಕನ್ನಡಿ ನೋಡದೆ, ಗಾಡಿ ನೋಡದೆ, ಸ್ಟೇರಿಂಗಿನ ಮೇಲಿನ ಒಂದು ಗೀರನ್ನೇ ನೋಡುತ್ತಿದ್ದ. ಬೀಗ ಹೆಂಡತಿಯ ಕೈಯಿಂದ ಕೊನೆಯ ತುಂಡು ಕಿತ್ತುಕೊಂಡು ತಿಂದು, ಮೀಸೆ ಒರೆಸಿಕೊಂಡು ಹೇಳಿದ: "ನಮ್ಮ ಈ ಅಂಗಡಿಗಿಂಗಡಿ ಎಲ್ಲಾ ಆಮೇಲೆ ಬಂದಿದ್ದು ಬೀಗ್ರೇ. ನಮ್ಮಮ್ಮ ತಲೆ ಮೇಲೆ ಬಟ್ಟೆ ಗಂಟು ಹೊತ್ಕೊಂಡು ಬೀದಿ ಬೀದಿ ಕೂಗಿದೋಳು. ಇವಳನ್ನ ನೋಡಿ ಅವಳೇ ಬಂದ ಹಾಗಾಯ್ತು. ನೀವು ಪಾಪ ಅಷ್ಟು ಒರಟಾಗಿ ಅನ್ನಬಾರ್ದಿತ್ತು."

ಅವನ ಎದೆಯಲ್ಲಿ ಗಿಯರು ಕಚ್ಚಿಕೊಂಡಿತು. ಒಂದು ಗಳಿಗೆ ಮುಂಚೆ ಆಗಿದ್ದರೆ ಬರೀ ಬಡಾಯಿ, ನಕ್ಕು ಒಪ್ಪಿಕೊಳ್ಳಬಹುದಿತ್ತು. ಈಗ ಬಾಯಿ ಬಿಟ್ಟರೆ? ಅಕ್ಕ ಬೀದಿಯಲ್ಲಿ ತಿಂಡಿ ಮಾರುವವಳು ಅನ್ನುವುದು ಅವರಿಗೆ ಏನೂ ಅಲ್ಲ. ಬೀದಿಯಲ್ಲಿ ನಿಂತ ಅಕ್ಕನನ್ನು ಯಾರಮ್ಮ ನೀನು ಅಂದವನು ಇವನು ಅನ್ನುವುದೇ ಎಲ್ಲ. ಗೇಟು ಎದ್ದಿತು. ಬಸ್ಸು ಹೊರಟಿತು. ಬ್ರೇಕ್ ಕಿತ್ತುಹೋದ ಬಸ್ಸಿನ ಕಥೆ ಅರ್ಧಕ್ಕೇ ಉಳಿಯಿತು.

ಮಾರನೆಯ ದಿನ ತಿರುವಿನಲ್ಲಿ ಒಂದು ಉದ್ದ, ಎರಡು ಗಿಡ್ಡ ಹೊಡೆದ. ಗೇಟಿನ ಹತ್ತಿರ ನಿಲ್ಲಿಸಿ ಕಾದ. ಕಿಟಕಿಗೆ ಪೊಟ್ಟಣ ಬರಲಿಲ್ಲ. ಎಂದೂ ಸೀಟು ಬಿಟ್ಟು ಇಳಿಯದವನು ಇಳಿದು ಗಾಡಿಯ ಮುಂದೆ ಹೋಗಿ ನಿಂತ.

"ಏನು ಕೊಡ್ಲಿ, ಡ್ರೈವರ್ ಸಾಹೇಬ್ರೇ?"

"ಅಕ್ಕಾ, ಏನಿದು, ಸಾಹೇಬ್ರು ಗೀಹೇಬ್ರು..."

"ಅಕ್ಕ ಅಂತ ಎಲ್ರೂ ಅಂತಾರೆ. ನೀವೂ ಅನ್ನಿ, ಬೇಜಾರೇನಿಲ್ಲ."

ಅವಳ ದನಿಯಲ್ಲಿ ಸಿಟ್ಟಿದ್ದಿದ್ದರೆ ಅವನು ಕಾಲು ಹಿಡಿಯುತ್ತಿದ್ದ. ಸಿಟ್ಟಿರಲಿಲ್ಲ. ಗಿರಾಕಿಗೆ ತೋರುವಷ್ಟು ನಗು ಇತ್ತು, ಅಷ್ಟೇ.

"ಮಗು ಮದ್ವೆ ದಿನ ಗೊತ್ತಾಯ್ತು. ನೀನು ಬರಲೇಬೇಕು" ಅಂದ.

"ಸಂತೋಷ. ಬಂದ್ರೆ ನನ್ನ ಯಾರು ಅಂತ ಹೇಳ್ತೀರಿ?"

ಕಣ್ಣು ಮಿಟುಕಿಸುವುದರೊಳಗೆ ಸಮುದ್ರದಾಚೆ ಹೋಟೆಲು ಕಟ್ಟಿದ ಬಾಯಿ ಅದು. ಅದಕ್ಕೆ ಮಹಡಿ ಏರಿಸಿದ, ಲಿಫ್ಟು ಇಳಿಬಿಟ್ಟ ಬಾಯಿ. ಅಂಥಾ ಬಾಯಿ "ನಮ್ಮಕ್ಕ" ಅನ್ನುವ ಪುಟ್ಟ ಮಾತು ಸಿಗದೆ ತೆರೆದೇ ನಿಂತಿತು. ಹಿಂದೆ ಲಾರಿಯವನು ಹಾರನ್ನು ಒತ್ತಿದ. ಅಕ್ಕ ಒಂದು ಪೊಟ್ಟಣ ಕಟ್ಟಿ ಕೈಗಿಟ್ಟಳು.

ಸೀಟಿಗೆ ಬಂದು ಬಿಚ್ಚಿದರೆ ಆಮ್ಲೆಟ್ಟಿನ ತುಂಬ ಹಸಿರು ಚೂರುಗಳು. ಎಲ್ಲರಿಗೂ ಹಾಕುವ ಹಾಗೆ. ಅದನ್ನು ಬಿಸಾಡದೆ ತಿಂದ. ಬಿಕ್ಕಳಿಕೆ ಹತ್ತಿತು.

"ಯಾರೋ ನೆನೆಸ್ಕೋತಾ ಇದಾರೆ ಅಣ್ಣಾ" ಅಂದ ಕಂಡಕ್ಟರ್.

ಅವನು ಕನ್ನಡಿ ನೋಡಿದ. ಅಕ್ಕ ಲಾರಿಯವನಿಗೆ ಮೊಟ್ಟೆ ಒಡೆಯುತ್ತಿದ್ದಳು.

ಮದುವೆ ಆಯಿತು. ಊಟಕ್ಕೆ ಕೂತವರ ಸಾಲು ದಿಗಂತ ಮುಟ್ಟಿತ್ತು ಎನ್ನುವವರಿದ್ದಾರೆ. ಆ ಸಾಲಿನ ಯಾವ ಮೂಲೆಯಲ್ಲೂ ಅಕ್ಕ ಇರಲಿಲ್ಲ. "ನಿಮ್ಮಕ್ಕ ಬರ್ಲಿಲ್ವಾ?" ಎಂದು ಬೀಗಿತ್ತಿ ಕೇಳಿದಾಗ "ವಿಮಾನ ಸಿಗ್ಲಿಲ್ಲ" ಅಂದ. "ಅತ್ತೆ ಯಾಕಪ್ಪಾ ಬರ್ಲಿಲ್ಲ?" ಎಂದು ಮಗಳು ಕೇಳಿದಾಗ "ಗಾಡಿ ಬಿಟ್ಟು ಬರೋಕಾಗಲ್ವಂತೆ" ಅಂದ. ಒಂದೇ ಬಾಯಲ್ಲಿ ಎರಡು ಸುಳ್ಳು, ಎರಡೂ ಒಂದಕ್ಕೊಂದು ಡಿಕ್ಕಿ ಹೊಡೆಯದ ಹಾಗೆ ದಿನವಿಡೀ ಓಡಾಡಿಸಿದ. ಅಷ್ಟು ಕಷ್ಟದ ಡ್ರೈವಿಂಗನ್ನು ಅವನು ಜನ್ಮದಲ್ಲಿ ಮಾಡಿರಲಿಲ್ಲ.

ಮಗಳನ್ನು ಗಂಡನ ಮನೆಗೆ ಬಿಡಲು ಹೊರಟ ಬಸ್ಸನ್ನೂ ಅವನೇ ಓಡಿಸಿದ. ತಿರುವಿನಲ್ಲಿ ಕೈ ತಡೆಯಲಿಲ್ಲ. ಈ ಸಲ ಅವನೂ ತಡೆಯಲಿಲ್ಲ. ಗೇಟು ಬಿದ್ದಿತ್ತು. ಅಕ್ಕ ಪೊಟ್ಟಣ ಹಿಡಿದು ಬರುತ್ತಿರುವುದು ಕಂಡಿತು. ಮುಖ ತೊಳೆದಿದ್ದಳು, ಪೆಟ್ಟಿಗೆಯ ಮಡಿಕೆ ಇನ್ನೂ ಬಿಚ್ಚಿರದ ಸೀರೆ ಉಟ್ಟಿದ್ದಳು. ಅವನ ಕೈ ತಾನಾಗಿ ಕಿಟಕಿಯಿಂದ ಹೊರಗೆ ಹೋಯಿತು. ಅವಳು ಆ ಕೈಯನ್ನು ದಾಟಿ ಮದುಮಗಳ ಕಿಟಕಿಗೆ ಹೋದಳು.

"ಅತ್ತೇ!" ಎಂದು ಮಗಳು ಕೂಗಿದಳು.

"ಅತ್ತೆ?" ಬೀಗಿತ್ತಿ ತಲೆ ಎತ್ತಿದಳು.

ಹೇಳುವುದಾದರೆ ಇದೇ ಹೊತ್ತು. ಅವನು ಉಸಿರು ಎಳೆದುಕೊಂಡ, ತುಟಿ ಬಿಚ್ಚಿದ. ಆದರೆ ಚಿಕ್ಕಂದಿನಿಂದಲೂ ಅವನನ್ನು ಕಾಪಾಡುವುದರಲ್ಲಿ ಅಕ್ಕನದೇ ಮೊದಲ ಕೈ.

"ಈ ದಾರೀಲಿ ಕಾಲೇಜಿಗೆ ಹೋಗೋ ಹುಡುಗೀರೆಲ್ಲಾ ನನ್ನ ಅತ್ತೆ ಅಂತಾರೆ ಕಣಮ್ಮ. ಹಾಗೇ ರೂಢಿ ಆಗ್ಬಿಟ್ಟಿದೆ" ಎಂದು ನಕ್ಕು, ಮದುಮಗಳ ಕೆನ್ನೆ ಮುಟ್ಟಿ, ಎಣ್ಣೆ ಅಂಟಿತೇನೋ ಎಂದು ಸೆರಗಿನಿಂದ ಒರೆಸಿದಳು. "ಸುಖವಾಗಿರು."

ಮಗಳು ಸೋದರತ್ತೆಯನ್ನು ನೋಡಿದಳು. ಆಮೇಲೆ ಕನ್ನಡಿಯೊಳಗೆ ಅಪ್ಪನ ಕಣ್ಣು ಹುಡುಕಿದಳು. ಅವನು ಕನ್ನಡಿಯನ್ನು ತಿರುಗಿಸಿದ. ಹಿಂದಿನಿಂದ ಬೀಗಿತ್ತಿಯ ಮಾತು ಕೇಳಿಸಿತು: "ಕೊಡು ನೋಡೋಣ ಒಂಚೂರು. ಅಯ್ಯೋ, ಇದಕ್ಕೂ ಖಾರ ಇಲ್ಲ!"

"ನಂಗೆ ಖಾರ ಆಗಲ್ಲ ಅತ್ತೆ" ಅಂದಳು ಮಗಳು ಬೀಗಿತ್ತಿಗೆ. "ನಮ್ಮಪ್ಪನಿಗೂ ಆಗಲ್ಲ."

ಬೀಗಿತ್ತಿಗೆ ಗೊತ್ತಾಯಿತೋ ಇಲ್ಲವೋ ಅವನಿಗೆ ತಿಳಿಯದು. ಆಮೇಲೆ ಅವಳು ಯಾವತ್ತೂ ಅವನ ಅಕ್ಕನ ಹೋಟೆಲಿನ ಸುದ್ದಿ ಎತ್ತಲಿಲ್ಲ. ಮಗಳೂ ತೌರಿಗೆ ಬಂದಾಗಲೆಲ್ಲ ಗೇಟಿನಲ್ಲೇ ಇಳಿದುಕೊಳ್ಳುತ್ತಾಳೆ, "ನೀವು ಹೋಗಿ ಅಪ್ಪಾ, ನಾನು ಆಮೇಲೆ ಬರ್ತೀನಿ" ಅನ್ನುತ್ತಾಳೆ. ಇವನು ಬಸ್ಸು ಹೊರಡಿಸುತ್ತಾನೆ.

ಈಗಲೂ ಆ ತಿರುವಿನಲ್ಲಿ ಒಂದು ಉದ್ದ, ಎರಡು ಗಿಡ್ಡ ಕೇಳುತ್ತದೆ. ಎಮ್ಮೆಗಳು ಈಗ ಕತ್ತೂ ಎತ್ತುವುದಿಲ್ಲ. ಅವನು ಇಳಿದು ಲಾರಿಯವರ ಹಿಂದೆ ಸಾಲಿನಲ್ಲಿ ನಿಲ್ಲುತ್ತಾನೆ. ಮೊಟ್ಟೆ ಒಡೆದ ಮೇಲೆ ಅಕ್ಕನ ಕೈ ಹೆಚ್ಚಿದ ಮೆಣಸಿನಕಾಯಿಯ ಬಟ್ಟಲಿಗೆ ಹೋಗುವುದನ್ನೇ ನೋಡುತ್ತಾನೆ. ಖಾರ ಬೇಡ ಅಂತ ಒಂದು ಮಾತು ಹೇಳಿದರೆ ಸಾಕು, ಅವಳು ಹಾಕುವುದಿಲ್ಲ. ಯಾವ ಗಿರಾಕಿ ಕೇಳಿದರೂ ಹಾಕುವುದಿಲ್ಲ. ಅದಕ್ಕೇ ಅವನು ಕೇಳುವುದಿಲ್ಲ. ಇವತ್ತು ಆ ಕೈ ತಾನಾಗಿ ತಡೆಯಬಹುದು ಎಂದು ಕಾಯುತ್ತಾನೆ. ಕೈ ತಡೆಯುವುದಿಲ್ಲ.

ಬಸ್ಸು ಗೇಟು ದಾಟುವ ಹೊತ್ತಿಗೆ ಬಿಕ್ಕಳಿಕೆ ಶುರುವಾಗಿರುತ್ತದೆ. ಕಂಡಕ್ಟರ್ ನೀರಿನ ಬಾಟ್ಲಿಯ ಮುಚ್ಚಳ ತೆಗೆದು ಅವನ ಪಕ್ಕದಲ್ಲಿ ಇಡುತ್ತಾನೆ.