ಹೆಡ್‌ಮೇಷ್ಟ್ರ ತಲೆ ಮೇಜಿನ ಮೇಲಿತ್ತು

ಕೂದಲಕ್ಕ ಟೋಪನ್, ಅಂದರೆ ತಲೆಗೆ ಹಾಕಿಕೊಳ್ಳುವ ಸುಳ್ಳು ಕೂದಲು, ಕಟ್ಟುವವಳು. ಮುಂಬಾಗಿಲಿನಿಂದ ನಾಟಕದವರು ಬರುತ್ತಿದ್ದರು, ಹಿತ್ತಲ ಬಾಗಿಲಿನಿಂದ ಊರಿನ ಬೋಳುತಲೆಗಳು. ಒಳಗೆ ಹಲಗೆಯ ಮೇಲೆ ಸಾಲಾಗಿ ಮರದ ತಲೆಗಳು. ಒಂದೊಂದೂ ಒಬ್ಬೊಬ್ಬ ಗಿರಾಕಿಯ ಅಳತೆಯದು. ಯಾವ ತಲೆ ಯಾರದೆಂದು ಅವಳು ಸತ್ತರೂ ಬಾಯಿ ಬಿಡುವವಳಲ್ಲ. ಆ ಕಸುಬಿನ ಮರ್ಯಾದೆಯೇ ಅದು.

ಅವಳ ಕಿಟಕಿಗೆ ಜೋತುಬೀಳುತ್ತಿದ್ದ ಮಕ್ಕಳಲ್ಲಿ ಬೇಕರಿಯವನ ಮಗಳು ಪುಟ್ಟಿಯೂ ಒಬ್ಬಳು. ಒಂದು ದಿನ ಮನೆಗೆ ಹೋಗಿ, "ಅಕ್ಕ ತಲೆಗಳಿಗೆ ಸೂಜಿ ಚುಚ್ತಾಳೆ. ಬಕೆಟ್ ತುಂಬ ಕೆಂಪು ನೀರು!" ಅಂದಳು. ಅದು ಕೂದಲಿಗೆ ಹಾಕುವ ಬಣ್ಣ. ಆದರೆ ಮಾತು ಬ್ರೆಡ್ಡಿನ ಜೊತೆ ಮನೆಮನೆಗೂ ಹೋಯಿತು. ಸಂಜೆಯ ಹೊತ್ತಿಗೆ ಬಣ್ಣ ರಕ್ತವಾಗಿತ್ತು, ಕೂದಲಕ್ಕ ಮಾಟಗಾತಿಯಾಗಿದ್ದಳು, ಊರ ಮಕ್ಕಳನ್ನೆಲ್ಲ ಬಲಿ ಕೊಟ್ಟೂ ಮುಗಿಸಿದ್ದಳು. ಮಕ್ಕಳೆಲ್ಲ ಊಟಕ್ಕೆ ಮನೆಯಲ್ಲೇ ಹಾಜರಿದ್ದಾರಲ್ಲ ಎಂಬುದು ಮಾತ್ರ ಯಾರಿಗೂ ಹೊಳೆಯಲಿಲ್ಲ.

ಶಾಲೆಯಲ್ಲಿ ಸಭೆ ಸೇರಿತು. ತಪ್ಪೆಂದು ತೀರ್ಮಾನವಾದರೆ ಅಂಗಡಿಗೆ ಬೀಗ, ಅವಳು ಊರು ಬಿಡಬೇಕು. ವಿಚಾರಣೆ ಹೆಡ್‌ಮೇಷ್ಟ್ರದು. ಅವರ ಗುಂಗುರು ಕೂದಲು ಕೂದಲಕ್ಕನೇ ಕಟ್ಟಿಕೊಟ್ಟದ್ದು. ಅದಕ್ಕೇ, ಯಾರಿಗೂ ಅನುಮಾನ ಬಾರದಿರಲೆಂದು, ಎಲ್ಲರಿಗಿಂತ ಜೋರಾಗಿ ಕೂಗಾಡುತ್ತಿದ್ದವರೂ ಅವರೇ.

"ಇಷ್ಟೊಂದು ತಲೆ ಯಾರ್ಯಾರದಮ್ಮಾ? ಹೇಳು!"

ಕೂದಲಕ್ಕ ಅವರ ಹಣೆಯನ್ನೊಮ್ಮೆ ನೋಡಿದಳು. ನಾಲಿಗೆ ತುದಿಗೆ ಬಂದದ್ದನ್ನು ನುಂಗಿಕೊಂಡಳು. "ಗಿರಾಕಿಗಳದ್ದು ಸಾರ್. ಹೆಸರು ನನ್ ಬಾಯಿಂದ ಬರಲ್ಲ."

"ನೋಡಿದ್ರಾ, ಬಚ್ಚಿಡ್ತಾಳೆ! ಮಕ್ಕಳನ್ನೇ ಕೇಳೋಣ. ಮಕ್ಕಳು ಸುಳ್ಳು ಹೇಳಲ್ಲ."

ಹೆಡ್‌ಮೇಷ್ಟ್ರ ಜೇಬಿನಿಂದ ಪೆಪ್ಪರಮೆಂಟು ಹೊರಬಂತು. ಮೊದಲನೆಯ ಹುಡುಗ "ಏನೂ ನೋಡಿಲ್ಲ" ಅಂದ, ಅವನಿಗೆ ಸಿಗಲಿಲ್ಲ. ಎರಡನೆಯವನು ಮೇಕೆ ಕಡಿದದ್ದನ್ನು ಕಂಡಿದ್ದ; ಸಿಕ್ಕಿತು. ಆಮೇಲೆ ಕೇಳಬೇಕೇ? ಕೂದಲಕ್ಕ ಹಾರಿದಳು, ಹಾವಿಗೆ ಜಡೆ ಹೆಣೆದಳು, ನೆಲದಡಿ ಗುಹೆ ತೋಡಿದಳು. ಮೊದಲನೆಯ ಹುಡುಗ ವಾಪಸ್ ಓಡಿಬಂದು, "ಸಾರ್, ಗುಹೆಯೊಳಗೆ ಆನೆ ಇತ್ತು!" ಅಂದ.

"ಅಯ್ಯೋ, ಆನೇನೂ ಬಿಟ್ಟಿಲ್ವಾ ಇವ್ಳು!" ಬೇಕರಿಯವನು ಎದೆ ಹಿಡಿದುಕೊಂಡ.

"ನನ್ ಮನೇಲಿ ನಂಗೇ ಕಾಲು ಚಾಚೋಕೆ ಜಾಗ ಇಲ್ಲಪ್ಪಾ" ಅಂದಳು ಕೂದಲಕ್ಕ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಕೊನೆಗೆ ಪುಟ್ಟಿಯ ಸರದಿ. "ನಿಜ ಹೇಳ್ಲಾ ಸಾರ್? ನಿಮ್ ತಲೆ ಅಕ್ಕನ ಮೇಜಿನ ಮೇಲಿತ್ತು. ಅಕ್ಕ ಬಾಚ್ತಾ ಇದ್ಲು. ಪಕ್ಕದಲ್ಲಿ ಯಾರೋ ಮೊಟ್ಟೆ ಥರದ ತಾತ ಟೀ ಕುಡೀತಿದ್ರು."

ಎಲ್ಲರೂ ಹೆಡ್‌ಮೇಷ್ಟ್ರ ತಲೆ ನೋಡಿದರು. ಅದು ಇದ್ದಲ್ಲೇ ಇತ್ತು. ಕೂದಲು ಮಾತ್ರ, ಬೆವರಿಗೆ ಅಂಟು ಬಿಟ್ಟು, ಕೊಂಚ ಎಡಕ್ಕೆ ವಾಲಿತ್ತು.

"ಮಕ್ಕಳು ಸುಳ್ಳು ಹೇಳಲ್ಲ ಅಂದ್ರಲ್ಲ ಸಾರ್?" ಬೇಕರಿಯವನು ಕಣ್ಣು ಕಿರಿದು ಮಾಡಿದ. "ಹಾಗಾದ್ರೆ ನಿಮ್ ತಲೆ..."

ಹೆಡ್‌ಮೇಷ್ಟ್ರು ಕೂದಲಕ್ಕನತ್ತ ನೋಡಿದರು. ಅವಳು ಎಂದೂ ಹಲ್ಲಿ ಕಾಣದವಳಂತೆ ಗೋಡೆಯ ಹಲ್ಲಿಯನ್ನು ನೋಡುತ್ತಿದ್ದಳು.

"ಮಕ್ಕಳು... ಏನೇನೋ ಕಲ್ಪಿಸ್ಕೋತಾವೆ ಕಣ್ರೀ."

"ಹಾಗಾದ್ರೆ ಮೇಕೆ?"

"ಕಲ್ಪನೆ."

"ಹಾವು?"

"ಕಲ್ಪನೆ!"

"ರಕ್ತ?"

"ಬಣ್ಣ ಕಣಯ್ಯಾ, ಬಣ್ಣ! ಎಲ್ಲ ಮನೆಗೆ ನಡೀರಿ!"

"ಆನೆ ಮಾತ್ರ ನಿಜ" ಅಂದ ಮೊದಲನೆಯ ಹುಡುಗ, ಬಾಯಿ ತುಂಬ ಪೆಪ್ಪರಮೆಂಟು ಇಟ್ಟುಕೊಂಡು.

ಮರುದಿನ ಬೆಳಿಗ್ಗೆ ಹಿತ್ತಲ ಬಾಗಿಲನ್ನು ಯಾರೋ ಮೆಲ್ಲಗೆ ಬಡಿದರು. ಗುಂಗುರು ಕೂದಲನ್ನು ಕೈಚೀಲದಲ್ಲಿ ಮುದುರಿಕೊಂಡು ಹೆಡ್‌ಮೇಷ್ಟ್ರು ನಿಂತಿದ್ದರು. "ನೀನೊಂದು ಮಾತು ಆಡಿದ್ರೆ ನನ್ ಕಥೆ ಮುಗೀತಿತ್ತಲ್ಲಮ್ಮಾ."

"ಕೂತ್ಕೊಳಿ ಸಾರ್. ಈ ಸಲ ಗಟ್ಟಿ ಅಂಟು ಹಾಕ್ತೀನಿ. ಮತ್ತೆ ಕೂಗಾಡ್ಬೇಕಾದ್ರೆ ಬೇಕಾಗುತ್ತೆ."

"ಅಕ್ಕಾ, ಮೊಟ್ಟೆ ತಾತ ಬಂದ್ರಾ?" ಕಿಟಕಿಯಲ್ಲಿ ಪುಟ್ಟಿಯ ಮುಖ ಮೂಡಿತು.

ಹೆಡ್‌ಮೇಷ್ಟ್ರು ಜೇಬಿಗೆ ಕೈ ಹಾಕಿ, ಇದ್ದಬದ್ದ ಪೆಪ್ಪರಮೆಂಟನ್ನೆಲ್ಲ ಅವಳ ಅಂಗೈಗೆ ಸುರಿದರು. ಈ ಸಲ ಏನೂ ಹೇಳದಿರುವುದಕ್ಕೆ.