ಹದಿನೇಳನೇ ಪುಟದ ಗುರುತುಗಳು

ಹಳೇ ಚಿತ್ರಕಥೆ ಪುಸ್ತಕ ಕೈಗೆ ಬಂದರೆ ಸಾಗರದ ಶ್ರೀಕಾಂತ ಮೊದಲು ಅದನ್ನು ಮೂಸಿ ನೋಡುತ್ತಿದ್ದ. ಆಮೇಲೆ ಬೆನ್ನು ಸವರಿ, ಪಿನ್ನು ತುಕ್ಕು ಹಿಡಿದಿದೆಯೇ ಎಂದು ಪರೀಕ್ಷಿಸಿ, ಕೊನೆಗೆ ಪುಟಗಳನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿಯುತ್ತಿದ್ದ. ಹಾಗೆ ಹಿಡಿದರೆ ಬರಿಗಣ್ಣಿಗೆ ಸಿಗದ ಮಡಿಕೆ, ಉಗುರಿನ ಗೀರು ಎಲ್ಲ ಎದ್ದು ಕಾಣುತ್ತವೆ. ಅವನಪ್ಪ ಮಂಡಿಯಲ್ಲಿ ಅಡಿಕೆ ದರ್ಜೆ ಮಾಡುತ್ತಿದ್ದವರು. ಮಗನ ಬಾಯಲ್ಲೂ ಅದೇ ಮಾತು: ಒಳ್ಳೇ ಪುಸ್ತಕ ‘ಹಸ’, ಹರಿದು ಹಣ್ಣಾದದ್ದು ‘ಗೊರಬಲು’. ದರ್ಜೆ ಮಾಡಿ, ಪ್ಲಾಸ್ಟಿಕ್ ಕವರಿಗೆ ಹಾಕಿ, ಫೋಟೊ ತೆಗೆದು ಫೋನಿನಲ್ಲೇ ಮಾರುತ್ತಿದ್ದ. ನಡುವೆ ಓದುತ್ತಿದ್ದನೇ ಎಂದು ಯಾರೂ ಕೇಳಿರಲಿಲ್ಲ, ಪುಣ್ಯಕ್ಕೆ.

ಹತ್ತೊಂಬತ್ತು ವರ್ಷದಿಂದ ಅವನು ಹುಡುಕುತ್ತಿದ್ದದ್ದು ‘ಮಿಂಚುಗುದುರೆ’ ಮಾಲಿಕೆಯ ಒಂದನೇ ಸಂಚಿಕೆ, ಎಪ್ಪತ್ತೇಳನೇ ಇಸವಿಯದು. ಅದರ ಎರಡನೇ ಸಂಚಿಕೆ ಕಂಡವರಿದ್ದರು, ಒಂದನೆಯದನ್ನು ಕಂಡವರಿರಲಿಲ್ಲ. ಕಡೆಗೆ ತೀರ್ಥಹಳ್ಳಿಯ ರದ್ದಿ ಅಂಗಡಿಯ ಬೆಳ್ಳಪ್ಪ ಸುಳಿವು ಕೊಟ್ಟ. ಹೊಸನಗರದಲ್ಲಿ ಮೂಕಮ್ಮ ಎಂಬವರಿದ್ದಾರೆ. ತೀರಿಹೋದ ಅವರ ಗಂಡ ಸುಬ್ಬಪ್ಪ ಒಂದು ಕಾಲದಲ್ಲಿ ಸೈಕಲ್ಲಿಗೆ ಟ್ರಂಕ್ ಕಟ್ಟಿಕೊಂಡು ಹಳ್ಳಿಹಳ್ಳಿಗೆ ಹೋಗಿ ಪುಸ್ತಕ ಬಾಡಿಗೆಗೆ ಕೊಡುತ್ತಿದ್ದರು. ಆ ಟ್ರಂಕ್ ಈಗಲೂ ಮನೆಯಲ್ಲಿದೆ.

ಇತ್ತು. ಟ್ರಂಕಿನ ತಳದಲ್ಲಿ, ಬಿಳಿ ಪಂಚೆಯ ತುಂಡಿನಲ್ಲಿ ಸುತ್ತಿ, ಒಂದೇ ಒಂದು ಪುಸ್ತಕ. ಶ್ರೀಕಾಂತ ಬಟ್ಟೆ ಬಿಚ್ಚಿದ: ಒಂದನೇ ಸಂಚಿಕೆ. ಮುಖಪುಟದ ಕುದುರೆಯ ಕೇಸರಿ ಬಣ್ಣ ನಿನ್ನೆ ಅಚ್ಚಾದ ಹಾಗಿತ್ತು.

“ನಮ್ಮನೆಯವರು ಬೈಂಡ್ ಹಾಕೇ ಬಾಡಿಗೆಗೆ ಕೊಡ್ತಿದ್ರು. ನನ್ನ ಕಾಲ ಆದ್ಮೇಲೆ ಗೆದ್ದಲು ತಿನ್ನೋದಕ್ಕಿಂತ ನೋಡ್ಕೊಳ್ಳೋರ ಕೈಗೆ ಹೋಗ್ಲಿ ಅಂತ,” ಎಂದರು ಮೂಕಮ್ಮ. “ಮನೆಗೆ ತಗಂಡ್ ಹೋಗಿ ಸಾವಕಾಶ ನೋಡಿ. ಭಾನುವಾರ ಬನ್ನಿ, ಕೊಡೋದೋ ಬ್ಯಾಡ್ವೋ ಅಂತ ಆಗ ಹೇಳ್ತೀನಿ.”

ಗುರುತು ಪರಿಚಯವಿಲ್ಲದವನನ್ನು ಅವರು ಹಾಗೆ ನಂಬಿದರು. ಅವನೋ, ಸಾಗರ ಮುಟ್ಟುವ ಮೊದಲೇ ಮೈಸೂರಿನ ಗಿರಾಕಿಗೆ ಫೋನ್ ಮಾಡಿ ‘ಸಿಕ್ತು, ಅಪ್ಪಟ ಹಸ’ ಎಂದುಬಿಟ್ಟ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದು ಅಂದರೆ ಇದೇ.

ಮನೆಯಲ್ಲಿ ಪುಟ ತಿರುವಿದರೆ ಎಲ್ಲ ಸರಿ, ಹದಿನೇಳನೇ ಪುಟ ಮಾತ್ರ ಕೆಟ್ಟಿತ್ತು. ಅಂಚಿನ ಸುತ್ತ ಪೆನ್ಸಿಲಿನ ಸಣ್ಣ ಸಣ್ಣ ಗೀಚು: ನಕ್ಷತ್ರ, ಮೀನು, ಬಾಚಣಿಗೆ, ಅರ್ಧಚಂದ್ರ. ಎಣಿಸಿದ, ಮೂವತ್ತೊಂದು. ಅವನ ಕಸುಬಿನಲ್ಲಿ ಗೀಚು ಎಂದರೆ ಕೊಳೆ. ಮೆತ್ತನೆಯ ರಬ್ಬರ್ ತೆಗೆದುಕೊಂಡು, ಕಾಗದಕ್ಕೆ ನೋವಾಗದಂತೆ ಒಂದೊಂದನ್ನೇ ಅಳಿಸಿದ. ಪುಡಿ ಊದಿ, ಫೋಟೊ ತೆಗೆದು ಮೈಸೂರಿಗೆ ಕಳಿಸಿ, ತನ್ನ ಕೈಚಳಕವನ್ನು ತಾನೇ ಮೆಚ್ಚಿಕೊಂಡು ಮಲಗಿದ.

ಭಾನುವಾರ ಮೂಕಮ್ಮ ಮುಖಪುಟದತ್ತ ನೋಡಲೂ ಇಲ್ಲ. ನೇರ ಹದಿನೇಳನೇ ಪುಟ ತೆರೆದರು. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ, ಮತ್ತೆ ಹಾಕಿಕೊಂಡರು.

“ಗುರುತೆಲ್ಲ ಎಲ್ಲಿ ಹೋದ್ವು?”

“ಕ್ಲೀನ್ ಮಾಡ್ದೆ ಅಮ್ಮಾ. ಈಗ ನೋಡಿ, ಹೊಸದರ ಹಾಗಿದೆ.”

ಮೂಕಮ್ಮ ಮೆಲ್ಲಗೆ ಜಗುಲಿಯ ಮೇಲೆ ಕೂತರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

“ಓದಿದ ಪುಸ್ತಕನೇ ಮತ್ತೆ ಬಾಡಿಗೆಗೆ ತಗಬಾರ್ದು ಅಂತ ಒಬ್ಬೊಬ್ರೂ ಒಂದೊಂದು ಗುರುತು ಹಾಕ್ತಿದ್ರು,” ಎಂದರು. “ಹದಿನೇಳನೇ ಪುಟದಲ್ಲೇ ಹಾಕ್ಬೇಕು ಅಂತ ಇವರ ಕಾನೂನು. ಈ ಪುಸ್ತಕ ತಿರುಗಿದ್ದು ನಮ್ಮೂರಲ್ಲೇ, ಅವರೆಲ್ಲ ನಮ್ಮೂರೋರು. ಆಮೇಲೆ ಊರು ಡ್ಯಾಮಿನ ನೀರಲ್ಲಿ ಹೋಯ್ತು, ಜನ ದಿಕ್ಕಿಗೊಬ್ರು ಆದ್ರು. ಒಬ್ರದ್ದೂ ಫೋಟೊ ಇಲ್ಲ ನನ್ನ ಹತ್ರ. ಇದೊಂದಿತ್ತು.”

ಒಂದು ಊರು ಒಮ್ಮೆ ಮುಳುಗಿತ್ತು. ಉಳಿದಿದ್ದ ಚೂರನ್ನು ಶ್ರೀಕಾಂತ ಊದಿ ಹಾರಿಸಿದ್ದ. ಇದಕ್ಕೆ ಯಾವ ಬೆಲೆ ಕೊಡುವುದು? ಪುಸ್ತಕ ಇಸಿದುಕೊಂಡ. ಅವನ ಕೈ ತನ್ನ ಹಳೇ ಚಾಳಿಯಂತೆ ಪುಟವನ್ನು ಬಾಗಿಲಿನ ಬಿಸಿಲಿಗೆ ಓರೆಯಾಗಿ ಹಿಡಿಯಿತು.

ಮೀನು ಕಂಡಿತು.

ಪಕ್ಕದಲ್ಲಿ ನಕ್ಷತ್ರ. ಅದರ ಕೆಳಗೆ ಬಾಚಣಿಗೆ. ಆಸೆಯಿಂದ ಒತ್ತಿ ಒತ್ತಿ ಬರೆದ ಗೆರೆಗಳು. ಸೀಸ ಹೋಗಿತ್ತು, ತಗ್ಗು ಹೋಗಿರಲಿಲ್ಲ. ಕೈ ಕೊಂಚ ತಿರುಗಿಸಿದಂತೆ ಮೂವತ್ತೊಂದೂ ಬಿಳಿ ಕಾಗದದೊಳಗಿಂದ ನೆರಳು ನೆರಳಾಗಿ ಮೇಲೆದ್ದವು. ಇಷ್ಟು ವರ್ಷ ಅವನು ಓರೆ ಬೆಳಕಿನಲ್ಲಿ ಹುಡುಕಿದ್ದು ಬರೀ ಐಬು. ಅಲ್ಲಿ ಮನುಷ್ಯರೂ ಇರಬಹುದು ಎಂದು ಅವನಿಗೆ ಹೊಳೆದಿರಲೇ ಇಲ್ಲ.

“ಅಮ್ಮಾ, ಇಲ್ಲಿ ಬನ್ನಿ. ಹೀಗೆ ಬಗ್ಗಿ ನೋಡಿ.”

ಮೂಕಮ್ಮ ಬಗ್ಗಿದರು. ಆಮೇಲೆ ಬೆರಳು ಮುಟ್ಟಿಸದೆ, ಗಾಳಿಯಲ್ಲೇ ತೋರಿಸುತ್ತಾ ಹೆಸರು ಹೇಳತೊಡಗಿದರು. “ಮೀನು ದೋಣಿ ಶೇಷಪ್ಪಂದು. ಬಾಚಣಿಗೆ ಹೂವಮ್ಮಂದು, ಅವಳ ಜಡೆ ಮೊಣಕಾಲಿಗೆ ಬರ್ತಿತ್ತು.” ಅರ್ಧಚಂದ್ರ ಬಂದಾಗ ನಿಂತರು. “ಇದು ನಂದು. ನಂಗೆ ಓದಕ್ಕೆ ಬರ್ತಿರ್ಲಿಲ್ಲ, ಈಗ್ಲೂ ಬರಲ್ಲ. ಚಿತ್ರ ನೋಡಿ ಗುರುತು ಹಾಕಿದ್ದೆ. ಇವರಿಗೆ ಅದು ಗೊತ್ತಾಗಿ, ಒಂದಿನ ಸೈಕಲ್ ನಿಲ್ಸಿ ಪೂರ್ತಿ ಓದಿ ಹೇಳಿದ್ರು. ಮದ್ವೆ ಆದ್ಮೇಲೂ ಎಷ್ಟು ಸಲ ಓದಿದ್ರೋ.”

ಶ್ರೀಕಾಂತ ಪುಸ್ತಕವನ್ನು ಎರಡೂ ಕೈಯಲ್ಲಿ ಅವರತ್ತ ಹಿಡಿದ. “ಇದು ಮಾರೋದಲ್ಲ ಅಮ್ಮಾ. ನಾನು ಕೇಳಿದ್ದೇ ತಪ್ಪು.”

“ಅದಿರ್ಲಿ. ಕಥೇಲಿ ಕುದುರೆ ಕೊನೆಗೆ ಎಲ್ಲಿಗೆ ಹೋಗ್ತದೆ, ಹೇಳು ನೋಡಾಣ.”

ಅವನು ಮೆಲ್ಲಗೆ ಕೊನೇ ಪುಟ ತಿರುವಹೋದ.

“ಓದ್ಲಿಲ್ವನಾ ಮಾರಾಯ?”

“ಇಲ್ಲಮ್ಮ.”

ಮೂಕಮ್ಮ ಒಳಗೆ ಹೋಗಿ ಒಂದು ತುಂಡು ಪೆನ್ಸಿಲ್ ತಂದು ಅವನ ಮುಂದಿಟ್ಟರು. “ಕೂತ್ಕೋ. ಗಟ್ಟಿಯಾಗಿ ಓದು. ಇವರು ಹೋದ್ಮೇಲೆ ನಂಗೆ ಯಾರೂ ಓದಿ ಹೇಳಿಲ್ಲ.”

ಓದಿದ. ಮೊದಲು ನಾಚಿಕೆ, ಎರಡನೇ ಪುಟಕ್ಕೆ ಅದೂ ಹೋಯಿತು. ಜೇಬಿನಲ್ಲಿ ಫೋನ್ ಎರಡು ಸಲ ಬಡಿದುಕೊಂಡಿತು, ಮೈಸೂರಿನದ್ದೇ ಇರಬೇಕು. ಹದಿನೇಳನೇ ಪುಟಕ್ಕೆ ಬಂದಾಗ ಪೆನ್ಸಿಲ್ ಎತ್ತಿಕೊಂಡ. ಅರ್ಧಚಂದ್ರದಿಂದ ಸ್ವಲ್ಪ ದೂರದಲ್ಲಿ, ಒತ್ತಿ, ಒಂದು ಪುಟ್ಟ ಚೌಕ ಬರೆದ.

“ಎಂತ ಅದು?”

“ರಬ್ಬರ್, ಅಮ್ಮಾ.”

ಮೂಕಮ್ಮ ಅದನ್ನು ಹತ್ತಿರದಿಂದ ನೋಡಿದರು. ಅವತ್ತು ಮೊದಲ ಸಲ ನಕ್ಕರು.

“ಮೂವತ್ತೆರಡಾಯ್ತು,” ಎಂದರು. “ಮುಂದೆ ಓದು.”